ಹಲ್ಲು ಕೀಳದ ಡಾಕ್ಟರು

ಅಬ್ರಹಾಂ ಲಿಂಕನ್ನನ ಜೇಬುಗಡಿಯಾರ ಹೇಗೆ ಟಿಕ್‌ಟಿಕ್ಕೆನ್ನುತ್ತಿತ್ತು ಎಂಬ ಚಿಂತೆಯಲ್ಲಿ ನೀವು ಯಾವತ್ತಾದರೂ ನಿದ್ದೆಗೆಟ್ಟಿದ್ದೀರಾ? ನಾನಂತೂ ಕೆಟ್ಟವನಲ್ಲ. ಆದರೆ ಕೆಟ್ಟವರಿದ್ದಾರೆ. ಸ್ಟೀವನ್ ಸ್ಪೀಲ್‌ಬರ್ಗ್ 2012ರಲ್ಲಿ ‘ಲಿಂಕನ್’ ಚಿತ್ರ ಮಾಡಿದಾಗ ಅದರ ಸದ್ದಿನ ಉಸ್ತುವಾರಿ ಹೊತ್ತ ಬೆನ್ ಬರ್ಟ್, ಯಾವುದೋ ಹಳೇ ಗಡಿಯಾರದ ಸದ್ದು ಆಗದು, ಆ ಪುಣ್ಯಾತ್ಮನದ್ದೇ ಬೇಕು ಎಂದು ಹಟ ಹಿಡಿದರು. ಕೆಂಟಕಿಯ ಇತಿಹಾಸ ಸಂಘದವರ ಬಳಿ ಲಿಂಕನ್ನನ ಗಡಿಯಾರವೊಂದು ಜೋಪಾನವಾಗಿತ್ತು. ಅದರ ಸದ್ದನ್ನು ಹಿಡಿದು ತಂದದ್ದಾಯಿತು. ಹಾಗಾಗಿ ಆ ಚಿತ್ರದಲ್ಲಿ ನಮ್ಮ ಕಿವಿಗೆ ಬೀಳುವುದು ಲಿಂಕನ್ನನ ಕಿವಿಗೂ ಬಿದ್ದಿದ್ದ ಟಿಕ್‌ಟಿಕ್ಕು. ಪಕ್ಕದ ಸೀಟಿನವರು ಪಾಪ್‌ಕಾರ್ನ್ ಅಗಿಯುವ ಸದ್ದಿನಲ್ಲಿ ಅದು ಎಷ್ಟು ಜನಕ್ಕೆ ಕೇಳಿಸಿತೋ ದೇವರೇ ಬಲ್ಲ. ಕೇಳಿಸಿದರೂ, ಇದು ಅಸಲಿ ಟಿಕ್ಕು, ಇದು ನಕಲಿ ಟಿಕ್ಕು ಎಂದು ಹೇಳಬಲ್ಲ ಕಿವಿ ಯಾರಿಗಿದೆ? ಯಾರಿಗೂ ಬೇಡದ ನಿಜವೊಂದನ್ನು ಇಷ್ಟು ಮುತುವರ್ಜಿಯಿಂದ ಹುಡುಕಿ ತಂದ ಆ ಮನುಷ್ಯನ ಮೇಲೆ ನನಗೆ ಮಾತ್ರ ವಿಪರೀತ ಪ್ರೀತಿ.

ಆ ಚಿತ್ರದಲ್ಲಿ ಲಿಂಕನ್ ಆದ ಡೇನಿಯಲ್ ಡೇ-ಲೂಯಿಸ್‌ನ ದನಿಯೂ ಇಂಥದೇ. ಲಿಂಕನ್ ಎಂದರೆ ಕಂಚಿನ ಕಂಠ ಎಂದುಕೊಂಡು ಕೂತ ನಮ್ಮ ಮುಂದೆ ಆತ ಸಣಕಲು ದನಿಯಲ್ಲಿ, ಸ್ವಲ್ಪ ಕೀರಲಾಗಿ, ಕಥೆ ಹೇಳುವ ಹಳ್ಳಿ ಮುದುಕನ ಹಾಗೆ ಮಾತಾಡುತ್ತಾನೆ. ಲಿಂಕನ್ನನ ಮಾತು ಕೇಳಿದ್ದ ಜನ ಬರೆದಿಟ್ಟದ್ದೂ ಅದನ್ನೇ: ದನಿ ತೆಳ್ಳಗೆ, ಎತ್ತರದ ಶ್ರುತಿ. ನಿಜವಾದ ದನಿ ಕೇಳಿ ಎಷ್ಟೋ ಜನಕ್ಕೆ ಇದು ಸುಳ್ಳು ಅನ್ನಿಸಿತು.

ಇನ್ನು ಅದೇ ಚಿತ್ರದ ಇನ್ನೊಂದು ಮಗ್ಗುಲು. ಗುಲಾಮಗಿರಿಯನ್ನು ಕೊನೆಗಾಣಿಸುವ 13ನೇ ತಿದ್ದುಪಡಿ 1865ರ ಜನವರಿ 31ರಂದು ಜನಪ್ರತಿನಿಧಿಗಳ ಸಭೆಯಲ್ಲಿ ಮತಕ್ಕೆ ಬರುತ್ತದೆ. ಚಿತ್ರದಲ್ಲಿ ರಾಜ್ಯ ರಾಜ್ಯದ ಹೆಸರು ಕೂಗುತ್ತಾರೆ. ಕನೆಕ್ಟಿಕಟ್‌ನ ಸರದಿ ಬಂದಾಗ ಅಲ್ಲಿನ ಇಬ್ಬರು ಎದ್ದು ‘ಇಲ್ಲ’ ಎನ್ನುತ್ತಾರೆ. ನಮ್ಮ ಎದೆ ಧಸಕ್ಕೆನ್ನುತ್ತದೆ. ಆದರೆ ಅಂದು ಆ ರಾಜ್ಯದ ನಾಲ್ಕೂ ಜನ ‘ಹೌದು’ ಎಂದಿದ್ದರು. ಕೂಗಿದ್ದೂ ರಾಜ್ಯವಾರು ಅಲ್ಲ, ಸದಸ್ಯರ ಹೆಸರಿನ ಅಕಾರಾದಿಯಲ್ಲಿ. ಕನೆಕ್ಟಿಕಟ್‌ನಿಂದ ನಮ್ಮ ಕಾಲದಲ್ಲಿ ಅದೇ ಸಭೆಗೆ ಆರಿಸಿ ಬಂದಿದ್ದ ಜೋ ಕೋರ್ಟ್ನಿ ಚಿತ್ರ ನೋಡಿ ತಳಮಳಗೊಂಡು, ಮನೆಗೆ ಬಂದು ದಾಖಲೆ ತಿರುವಿ ನೋಡಿ, ಡಿವಿಡಿ ಬರುವ ಮೊದಲು ಇದನ್ನು ಸರಿಪಡಿಸಿ ಸ್ವಾಮಿ ಎಂದು 2013ರ ಫೆಬ್ರುವರಿಯಲ್ಲಿ ಸ್ಪೀಲ್‌ಬರ್ಗ್‌ಗೆ ಕಾಗದ ಬರೆದರು. ಚಿತ್ರಕಥೆ ಬರೆದ ಟೋನಿ ಕುಶ್ನರ್ ಉತ್ತರ ಕೊಟ್ಟರು: ಹೌದು, ಬದಲಾಯಿಸಿದ್ದೇವೆ, ಗೆಲುವು ಎಷ್ಟು ಕೂದಲೆಳೆಯದು ಎಂದು ನೋಡುವವರಿಗೆ ತಿಳಿಯಬೇಕಿತ್ತು, ಮಾಡದ ಕೆಲಸವನ್ನು ನಿಜವಾದ ಮನುಷ್ಯರ ತಲೆಗೆ ಕಟ್ಟಬಾರದೆಂದು ಆ ಇಬ್ಬರಿಗೆ ಹೆಸರುಗಳನ್ನೂ ಹೊಸದಾಗಿ ಇಟ್ಟಿದ್ದೇವೆ. ಅಂತೂ ಗಡಿಯಾರ ನಿಜ, ಓಟು ಸುಳ್ಳು. ಕನೆಕ್ಟಿಕಟ್‌ನವರ ಮುತ್ತಜ್ಜಂದಿರಿಗೆ ಹೊಟ್ಟೆಯುರಿದಿರಬೇಕು, ನಮ್ಮ ಓಟನ್ನು ಆ ಗಡಿಯಾರದಷ್ಟೂ ವಿಚಾರಿಸಲಿಲ್ಲವಲ್ಲ ಎಂದು.

ಕೋರ್ಟ್ನಿಯವರಂಥವರದು ಒಂದು ದೊಡ್ಡ ಕುಲವೇ ಇದೆ. ಅವರನ್ನು ನಾನು ತಪ್ಪುಹೆಕ್ಕಿಗರು ಎಂದು ಕರೆಯುತ್ತೇನೆ. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಕಲ್ಲು ಸಿಕ್ಕಾಗಲೇ ಖುಷಿ, ಅನ್ನ ಆಮೇಲಿನ ಮಾತು. ಇವರೂ ಹಾಗೆ. ಅಂಗಿಗುಂಡಿ, ಟೋಪಿಯ ಅಂಚು, ಕುದುರೆಯ ಜೀನು, ಕೋವಿಯ ಮಾದರಿ, ಆಕಾಶದಲ್ಲಿ ವಿಮಾನ ಎಳೆದ ಬಿಳಿಗೆರೆ, ಯಾವುದೂ ಇವರ ಕಣ್ಣು ತಪ್ಪಿಸುವ ಹಾಗಿಲ್ಲ. ನಾನೂ ಈ ಕುಲಕ್ಕೆ ಸೇರಿದವನೇ, ಆದರೆ ಸೋಮಾರಿ ಶಾಖೆಯವನು. ದಾಖಲೆ ತಿರುವುವ ಶ್ರಮ ನನ್ನದಲ್ಲ. ಬೇರೆಯವರು ಹೆಕ್ಕಿಟ್ಟದ್ದನ್ನು ಒರಗುಕುರ್ಚಿಯಲ್ಲಿ ಕೂತು ಸವಿಯುವುದಷ್ಟೇ.

ನನ್ನ ಪೀಳಿಗೆಯ ಬೆಂಗಳೂರಿಗರಿಗೆ ಅಮೆರಿಕದ ಇತಿಹಾಸ ಕಲಿಸಿದ ಮೇಷ್ಟ್ರು ಕುದುರೆ. ದಂಡು ಪ್ರದೇಶದ ಪ್ಲಾಜಾ, ರೆಕ್ಸ್‌ಗಳಲ್ಲಿ ಇಂಗ್ಲಿಷ್ ಚಿತ್ರಕ್ಕೆ ಹೋಗಿ ಕೂತರೆ ಆ ಮೂಗುದನಿಯ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಧೂಳು, ಗೊರಸಿನ ಸದ್ದು, ನಗುವವರೊಂದಿಗೆ ನಗು. ‘ಮೆಕೆನ್ನಾಸ್ ಗೋಲ್ಡ್’ 1969ರದ್ದು. ತವರಿನಲ್ಲಿ ಮಕಾಡೆ ಮಲಗಿದ ಆ ಚಿತ್ರ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬಂದು ಓಡಿದ್ದೇ ಓಡಿದ್ದು. ಬೆಳಗಿನ ಬಿಸಿಲಿಗೆ ಬಂಡೆಗಂಬದ ನೆರಳು ಉದ್ದುದ್ದ ಚಾಚಿಕೊಂಡು ಹೋಗಿ ಬಂಗಾರದ ಕಣಿವೆಯ ಬಾಗಿಲು ತೋರಿಸುತ್ತದಲ್ಲ, ಆ ನೆರಳು ಭೂಗೋಳಕ್ಕೆ ಸಮ್ಮತವೋ ಎಂದು ಗಾಂಧಿ ಕ್ಲಾಸಿನಲ್ಲಿ ಕೂತವರು ಯಾರೂ ಕೇಳಲಿಲ್ಲ. ಕಣಿವೆ ಇದ್ದರೆ ಸಾಕಿತ್ತು. ಮುಂದೆ 1975ರಲ್ಲಿ ‘ಶೋಲೆ’ ಬಂದು, ಅಮೆರಿಕದ ಆ ಪಶ್ಚಿಮವನ್ನು ರಾಮನಗರದ ಬಂಡೆಗಳ ನಡುವೆ ತಂದು ನಿಲ್ಲಿಸಿದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಅರಿಜೋನಾ ನಮ್ಮ ಮನಸ್ಸಿನಲ್ಲಿ ಮೊದಲಿಂದಲೂ ಬಿಡದಿಯ ಆಚೆಗೇ ಇತ್ತು.

ತಪ್ಪುಹೆಕ್ಕಿಗರ ಖಜಾನೆಯಲ್ಲಿ ನನಗೆ ತೀರಾ ಅಚ್ಚುಮೆಚ್ಚಿನದು ಬಿಲ್ಲಿ ದ ಕಿಡ್‌ನ ಎಡಗೈ. ನ್ಯೂ ಮೆಕ್ಸಿಕೋದ ಈ ಪುಂಡ ಹುಡುಗನದ್ದೆಂದು ಎಲ್ಲರೂ ಒಪ್ಪುವ ಹಳೆಯ ತಗಡಿನ ಫೋಟೊ ಒಂದಿದೆ. ಸುಕ್ಕು ಟೋಪಿ, ಸಡಿಲ ಸ್ವೆಟರು, ಒಂದು ಕೈಯಲ್ಲಿ ನೆಲಕ್ಕೆ ಊರಿದ ವಿಂಚೆಸ್ಟರ್ ಬಂದೂಕು, ಎಡ ಸೊಂಟದಲ್ಲಿ ಪಿಸ್ತೂಲು. ಎಡಗೈಯವನು ಎಂದು ಲೋಕ ನಂಬಿತು. ಆರ್ಥರ್ ಪೆನ್ 1958ರಲ್ಲಿ ಪಾಲ್ ನ್ಯೂಮನ್‌ನನ್ನು ಹಾಕಿಕೊಂಡು ತೆಗೆದ ಚಿತ್ರದ ಹೆಸರೇ ‘ದ ಲೆಫ್ಟ್ ಹ್ಯಾಂಡೆಡ್ ಗನ್’. ಆದರೆ ಆ ಕಾಲದ ತಗಡಿನ ಫೋಟೊಗಳೆಲ್ಲ ಕನ್ನಡಿಯ ಬಿಂಬದ ಹಾಗೆ ಎಡ ಬಲ ಅದಲುಬದಲು. ಗುಟ್ಟು ಬಿಟ್ಟುಕೊಟ್ಟದ್ದು ಬಂದೂಕು: 1873ರ ವಿಂಚೆಸ್ಟರ್‌ಗೆ ತೋಟಾ ತುಂಬುವ ಬಾಯಿ ಇರುವುದು ಬಲಮಗ್ಗುಲಿಗೆ ಮಾತ್ರ, ಫೋಟೊದಲ್ಲಿ ಅದು ಎಡಕ್ಕೆ ಕಾಣುತ್ತದೆ. ಹುಡುಗ ಪಿಸ್ತೂಲು ಕಟ್ಟಿದ್ದು ಬಲಕ್ಕೇ. ಪಾಪ, ನ್ಯೂಮನ್ ಎಡಗೈ ಪಳಗಿಸಿಕೊಂಡದ್ದೆಲ್ಲ ಒಂದು ತಗಡಿನ ಚೇಷ್ಟೆಗೆ. ಹಾಗೆಂದು ಆ ಚಿತ್ರವನ್ನು ಕನ್ನಡಿ ಹಿಡಿದು ನೋಡಲಾದೀತೆ?

ಕಸ್ಟರನ ಕೂದಲಿನದೂ ಹೀಗೇ ಒಂದು ಕಥೆ. 1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್‌ನಲ್ಲಿ ಲಕೋಟ ಮತ್ತು ಶಾಯೆನ್ ಯೋಧರ ಕೈಲಿ ಸತ್ತ ಈ ದಂಡನಾಯಕ ಯುದ್ಧಕ್ಕೆ ಹೊರಡುವ ಮೊದಲು ತನ್ನ ಹೊಂಬಣ್ಣದ ಜುಲ್ಪಿಯನ್ನು ಕತ್ತರಿಸಿಕೊಂಡಿದ್ದ. ದಂಡಿನವರು ಕತ್ತಿಗಳನ್ನೂ ಹಿಂದೆಯೇ ಬಿಟ್ಟು ಹೋಗಿದ್ದರು. ಆದರೆ 1896ರಿಂದ ಬಿಯರ್ ಕಂಪನಿಯೊಂದು ಸಲೂನು ಸಲೂನಿಗೆ ಹಂಚಿದ ಬಣ್ಣದ ಚಿತ್ರಪಟದಲ್ಲಿ ಅವನು ಉದ್ದ ಕೂದಲು ಬಿಟ್ಟುಕೊಂಡು ಕತ್ತಿ ಝಳಪಿಸುತ್ತಿದ್ದಾನೆ. ಕುಡಿಯುತ್ತ ಗೋಡೆ ನೋಡಿದ ಜನ ಲಕ್ಷಾಂತರ. ಮಾರನೇ ದಿನ ಎದ್ದು ಇತಿಹಾಸದ ಪುಸ್ತಕ ತೆರೆದವರು ಎಷ್ಟು? 1941ರಲ್ಲಿ ಎರಾಲ್ ಫ್ಲಿನ್ ಕಸ್ಟರನಾಗಿ ಬಂದಾಗ ಕೂದಲನ್ನು ಮೋಟು ಮಾಡುವ ಧೈರ್ಯ ಹಾಲಿವುಡ್‌ಗೆ ಎಲ್ಲಿಂದ ಬರಬೇಕು? ಕ್ಷೌರ ಮಾಡಿಸಿಕೊಂಡ ವೀರನಿಗೆ ಕಣ್ಣೀರು ಹಾಕುವವರು ಕಡಿಮೆ.

ಇಲ್ಲಿಯವರೆಗೆ ನಾನು, ನಿಜವಾದ ಇತಿಹಾಸ ಒಂದು ಕಡೆ, ಸಿನಿಮಾದ ಸುಳ್ಳು ಇನ್ನೊಂದು ಕಡೆ ಎನ್ನುವ ಹಾಗೆ ಆರಾಮವಾಗಿ ಹರಟುತ್ತಿದ್ದೇನೆ. ಆ ಆರಾಮ ಕೆಡಿಸುವವನು ಬಫಲೊ ಬಿಲ್ ಕೋಡಿ. ಕಸ್ಟರ್ ಸತ್ತು ಮೂರು ವಾರವಷ್ಟೇ ಆಗಿತ್ತು. ಕೋಡಿ ಆ ಹೊತ್ತಿಗಾಗಲೇ ನಾಟಕದ ಮನುಷ್ಯ. ಚಳಿಗಾಲದಲ್ಲಿ ರಂಗದ ಮೇಲೆ ಬಫಲೊ ಬಿಲ್ ಆಗಿಯೇ ಪಾತ್ರ ಮಾಡುವುದು, ಬೇಸಿಗೆಯಲ್ಲಿ ದಂಡಿಗೆ ದಾರಿ ತೋರುವುದು. ಜುಲೈ 17ರ ಬೆಳಿಗ್ಗೆ ನೆಬ್ರಾಸ್ಕಾದ ವಾರ್‌ಬಾನೆಟ್ ಹಳ್ಳದ ಬಳಿ ಶಾಯೆನ್ ಯೋಧ ಯೆಲ್ಲೊ ಹೇರ್‌ನನ್ನು ಕೊಲ್ಲಲು ಹೊರಟಾಗ ಅವನ ಮೈಮೇಲಿದ್ದದ್ದು ದಂಡಿನ ಅಂಗಿಯಲ್ಲ, ಕೆಂಪು ಅಂಚಿನ ಕಪ್ಪು ಮಖಮಲ್ಲಿನ, ಬೆಳ್ಳಿಗುಂಡಿಯ, ಕಸೂತಿಯ ನಾಟಕದ ಉಡುಪು! ಕೊಂದು, ನೆತ್ತಿ ಸುಲಿದು, ಅದೇ ವರ್ಷ ಊರೂರಲ್ಲಿ ರಂಗದ ಮೇಲೆ ಅದನ್ನೇ ಆಡಿ ತೋರಿಸಿದ. ನೋಡುವವರಿಗೆ ಇದು ಯುದ್ಧದಲ್ಲಿ ತೊಟ್ಟ ನಿಜವಾದ ಉಡುಪು ಎಂದು ಹೇಳಿಕೊಳ್ಳಬಹುದಲ್ಲ. ಈಗ ತಪ್ಪುಹೆಕ್ಕಿಗರು ಏನು ಮಾಡಬೇಕು? ಯಾವುದಾದರೂ ಚಿತ್ರದಲ್ಲಿ ಕೋಡಿ ಮಖಮಲ್ಲು ತೊಟ್ಟು ಯುದ್ಧಕ್ಕೆ ಬಂದರೆ, ಛೇ, ಇದು ಸಿನಿಮಾದವರ ಅತಿರೇಕ ಎಂದು ನಗುತ್ತೇವೆ. ಅತಿರೇಕ ಇತಿಹಾಸದ್ದು.

1883ರಲ್ಲಿ ಅವನು ‘ವೈಲ್ಡ್ ವೆಸ್ಟ್’ ಪ್ರದರ್ಶನ ಶುರುಮಾಡಿದ. 1885ರಲ್ಲಿ ಲಕೋಟರ ಹಿರಿಯ ಸಿಟಿಂಗ್ ಬುಲ್ ಕೂಡ ಕೆಲವು ತಿಂಗಳು ಅದರ ಜೊತೆ ಊರೂರು ಸುತ್ತಿದ. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀಯಲ್ಲಿ ದಂಡಿನವರು ಲಕೋಟ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದರಲ್ಲ, 1913ರಲ್ಲಿ ಕೋಡಿ ಕ್ಯಾಮೆರಾ ಹೊತ್ತುಕೊಂಡು ಅದೇ ಜಾಗಕ್ಕೆ ಹೋಗಿ ಲಕೋಟರನ್ನೇ ನಿಲ್ಲಿಸಿ ಅದನ್ನು ಚಿತ್ರ ಮಾಡಿದ. ಜಾಗ ಅದೇ, ಜನ ಅವರೇ. ವಿವರದ ನಿಖರತೆ ಇದಕ್ಕಿಂತ ಹೆಚ್ಚು ಬೇಕೇ? ಆದರೆ ತಾಯಂದಿರು ಸತ್ತ ನೆಲದ ಮೇಲೆ ಮತ್ತೊಮ್ಮೆ ಸತ್ತಂತೆ ಬೀಳಿ ಎನ್ನುವ ನಿಖರತೆಗೆ ಏನೆನ್ನಬೇಕೋ ತಿಳಿಯದು. ಆ ಚಿತ್ರ ಈಗ ಬಹುಪಾಲು ಕಳೆದುಹೋಗಿದೆ. ನನಗೆ ಅದರ ಬಗ್ಗೆ ವ್ಯಥೆಯಿಲ್ಲ.

ನಿಖರತೆಯ ಮೇಲೆ ನನ್ನ ಗುಮಾನಿ ಗಟ್ಟಿಯಾದದ್ದು ಡಿ. ಡಬ್ಲ್ಯೂ. ಗ್ರಿಫಿತ್‌ನ ‘ದ ಬರ್ತ್ ಆಫ್ ಎ ನೇಷನ್’ ನೋಡುವಾಗ. 1915ರ ಮೂಕಿ ಚಿತ್ರ. ಲಿಂಕನ್ ಕೊಲೆಯಾದ ನಾಟಕಶಾಲೆ ಬರುವ ಮೊದಲು ತೆರೆಯ ಮೇಲೆ ಒಂದು ಫಲಕ ಬರುತ್ತದೆ, ಇದು ಇತಿಹಾಸದ ಯಥಾಪ್ರತಿ ಎಂದು. ಪೆಟ್ಟಿಗೆ ಸೀಟು, ಪರದೆ, ಬಾವುಟ ಎಲ್ಲ ಇದ್ದಲ್ಲೇ ಇವೆ. ನೋಡುವವರು ತಲೆದೂಗುತ್ತಾರೆ. ಆಮೇಲೆ ಸೌತ್ ಕೆರೊಲಿನಾದ ಶಾಸನಸಭೆ ಬರುತ್ತದೆ, ಅದಕ್ಕೂ ಅದೇ ಮುದ್ರೆ: ಫೋಟೊ ನೋಡಿ ಕಟ್ಟಿದ ಯಥಾಪ್ರತಿ. ಮೇಜು, ಕುರ್ಚಿ, ಸಾಲು ಎಲ್ಲ ಸರಿ. ಆ ಸರಿಯಾದ ಮೇಜಿನ ಮೇಲೆ ಕಪ್ಪು ಶಾಸಕನೊಬ್ಬ ಬೂಟು ಬಿಚ್ಚಿ ಬರಿಗಾಲು ಚಾಚುತ್ತಾನೆ, ಇನ್ನೊಬ್ಬ ಕದ್ದು ಶೀಸೆ ಎತ್ತುತ್ತಾನೆ. ಮೇಜಿಗೆ ಫೋಟೊದ ಸಾಕ್ಷಿ ಇತ್ತು. ಕಾಲಿಗೆ? ಆ ಕಾಲು ಚಾಚಿದ್ದು ಗ್ರಿಫಿತ್‌ನ ದ್ವೇಷ. ಮೇಜು ನಂಬಿದ ಕಣ್ಣು ಕಾಲನ್ನೂ ನಂಬಿಬಿಡುತ್ತದೆ. ಆ ಚಿತ್ರದ ಫಲಕಗಳಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಬರೆದ ಇತಿಹಾಸ ಪುಸ್ತಕದ ಮಾತುಗಳೂ ಇವೆ. ಅದೇ ಅಧ್ಯಕ್ಷರಿಗೆ ಶ್ವೇತಭವನದಲ್ಲಿ ಚಿತ್ರವನ್ನು ತೋರಿಸಿದ್ದೂ ಆಯಿತು.

ಮುಂದಿನದು ಇನ್ನೂ ವಿಚಿತ್ರ. ಅಂತರ್ಯುದ್ಧ ಮುಗಿದ ಮೇಲೆ ಹುಟ್ಟಿದ, ಮುಸುಕು ಹಾಕಿ ಕಪ್ಪು ಜನರನ್ನು ಬೆದರಿಸುತ್ತಿದ್ದ ಮೂಲ ಕು ಕ್ಲಕ್ಸ್ ಕ್ಲಾನ್‌ನವರು ಶಿಲುಬೆ ಸುಡುತ್ತಿರಲಿಲ್ಲ. ಅದು ಥಾಮಸ್ ಡಿಕ್ಸನ್ ಎಂಬ ಕಾದಂಬರಿಕಾರನ ಕಲ್ಪನೆ. ಅವನಿಂದ ಗ್ರಿಫಿತ್‌ನ ತೆರೆಗೆ ಬಂತು. 1915ರ ಕೊನೆಯಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಹೊಸ ಕ್ಲಾನ್ ಕಟ್ಟಿದವರು ಉರಿಯುವ ಶಿಲುಬೆಯನ್ನು ನೆಟ್ಟೇಬಿಟ್ಟರು. ಸಿನಿಮಾ ಇತಿಹಾಸವನ್ನು ತಪ್ಪಾಗಿ ತೋರಿಸಿತು, ಇತಿಹಾಸ ವಿಧೇಯ ವಿದ್ಯಾರ್ಥಿಯಾಗಿ ಆ ತಪ್ಪನ್ನು ಅನುಸರಿಸಿತು. ಇನ್ನು ಮುಂದೆ ಯಾರಾದರೂ, ಹೋಗಲಿ ಬಿಡಿ, ಸಿನಿಮಾ ತಾನೇ ಎಂದರೆ ನನ್ನ ಒರಗುಕುರ್ಚಿಯೂ ಸ್ವಲ್ಪ ನೆಟ್ಟಗಾಗುತ್ತದೆ.

ಆ ಚಿತ್ರದಲ್ಲಿ ಮುಸುಕು ಹಾಕಿ ಕುದುರೆ ಓಡಿಸಿದವರಲ್ಲಿ ತಾನೂ ಒಬ್ಬ ಎಂದು ನಿರ್ದೇಶಕ ಜಾನ್ ಫೋರ್ಡ್ ಹೇಳಿಕೊಳ್ಳುತ್ತಿದ್ದ. ಫೋರ್ಡ್ ಹೇಳಿಕೊಳ್ಳುತ್ತಿದ್ದ ಸಂಗತಿಗಳು ಬಹಳ. ಅದರಲ್ಲೊಂದು, ಟೂಮ್‌ಸ್ಟೋನ್ ಊರಿನ ಕುದುರೆದೊಡ್ಡಿ ಓಕೆ ಕೊರಾಲ್‌ನ ಗುಂಡಿನ ಕಾಳಗ ನಡೆದದ್ದು ಹೇಗೆಂದು ಅದರಲ್ಲಿ ಕಾದಾಡಿದ್ದ ವ್ಯಾಟ್ ಅರ್ಪ್ ತನಗೆ ಖುದ್ದಾಗಿ ವಿವರಿಸಿದ್ದ ಎಂಬುದು. ಇದು ನಡೆಯಬಹುದಾದದ್ದೇ. ಅರ್ಪ್ ಕೊನೆಗಾಲದಲ್ಲಿ ಲಾಸ್ ಏಂಜಲೀಸ್‌ನಲ್ಲಿದ್ದು ಸಿನಿಮಾ ಸೆಟ್ಟುಗಳ ಸುತ್ತ ಸುಳಿದಾಡುತ್ತಿದ್ದ. 1929ರಲ್ಲಿ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಕೌಬಾಯ್ ತಾರೆಗಳಾದ ಟಾಮ್ ಮಿಕ್ಸ್, ವಿಲಿಯಂ ಎಸ್. ಹಾರ್ಟ್ ಇದ್ದರು. ಇಷ್ಟು ಹತ್ತಿರದ ಸಾಕ್ಷಿ ಸಿಕ್ಕಿದ ಫೋರ್ಡ್ 1946ರಲ್ಲಿ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ ತೆಗೆದ. ಅದರಲ್ಲಿ ಅರ್ಪ್‌ನ ಕಿರಿ ತಮ್ಮ ಜೇಮ್ಸ್ 1882ರಲ್ಲಿ ಕೊಲೆಯಾಗುತ್ತಾನೆ; ನಿಜದಲ್ಲಿ ಜೇಮ್ಸ್ ಅವನ ಅಣ್ಣ, ಬದುಕಿದ್ದದ್ದು 1926ರವರೆಗೆ. ಎದುರಾಳಿ ಗುಂಪಿನ ಮುದುಕ ಕ್ಲಾಂಟನ್ ಕಾಳಗದಲ್ಲಿ ಸಾಯುತ್ತಾನೆ. ನಿಜದಲ್ಲಿ ಅವನು ಕಾಳಗಕ್ಕೆ ಮೊದಲೇ ಸತ್ತಿದ್ದ. ಟೂಮ್‌ಸ್ಟೋನ್ ಊರು ಅರಿಜೋನಾದ ದಕ್ಷಿಣ ತುದಿಯಲ್ಲಿದೆ, ಫೋರ್ಡ್‌ಗೆ ಉತ್ತರ ತುದಿಯ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ಮೇಲೆ ಮೋಹ. ಇಡೀ ಊರನ್ನೇ ಎತ್ತಿ ಅಲ್ಲಿಗೆ ಸಾಗಿಸಿದ. ಅರ್ಪ್ ಹೇಳಿದ್ದನ್ನು ಇಷ್ಟು ಚೆನ್ನಾಗಿ ಮರೆತವನು ಮತ್ತೊಬ್ಬನಿಲ್ಲ.

ಆದರೂ ಆ ಚಿತ್ರ ನನಗೆ ಪ್ರಾಣ. ಹೆನ್ರಿ ಫೋಂಡಾ ಜಗಲಿಯ ಮೇಲೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಎದುರಿನ ಕಂಬಕ್ಕೆ ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಮೊದಲನೆಯ ಕಾಲು ಕೊಟ್ಟು ಏನೂ ಮಾಡದೆ ತೂಗುತ್ತಾನಲ್ಲ, ಅದಕ್ಕೆ ಯಾವ ದಾಖಲೆಯ ಹಂಗೂ ಇಲ್ಲ. ಗುಂಡಿನ ಕಾಳಗದ ಚಿತ್ರದಲ್ಲಿ ಇಂಥ ಸೋಮಾರಿತನಕ್ಕೆ ಜಾಗ ಮಾಡಿಕೊಟ್ಟವನು ಹತ್ತು ತಪ್ಪು ಮಾಡಿದರೂ ನಾನು ಕ್ಷಮಿಸುತ್ತೇನೆ. ಫೋರ್ಡ್ ಯಥಾಪ್ರತಿ ಎಂದು ಮುದ್ರೆ ಒತ್ತಲಿಲ್ಲ. ಕಥೆ ಹೇಳುತ್ತೇನೆ ಕೂತ್ಕೊಳ್ಳಿ ಎಂದ. 1962ರಲ್ಲಿ ಅವನೇ ‘ದ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ ಮಾಡಿ, ಊರೆಲ್ಲ ಕೊಂಡಾಡುವ ಹೀರೋ ನಿಜಕ್ಕೂ ಗುಂಡು ಹೊಡೆದವನೇ ಅಲ್ಲ ಎಂದು ನಮಗೆ ತೋರಿಸಿದ. ಆ ನಿಜ ಕೇಳಿದ ಪತ್ರಿಕೆಯ ಸಂಪಾದಕ ಬರೆದುಕೊಂಡದ್ದನ್ನು ಹರಿದು ಒಲೆಗೆ ಹಾಕುವುದನ್ನೂ ತೋರಿಸಿದ. ಊರಿಗೆ ಸುಳ್ಳು, ಸಿನಿಮಾ ನೋಡುವವರಿಗೆ ನಿಜ. ಸುಳ್ಳಿನ ಹೊಲಿಗೆ ಕಾಣುವಂತೆ ಅಂಗಿ ಮಗುಚಿ ತೋರಿಸುವ ಈ ಜಾತಿಯವರನ್ನು ನಾನು ಹೊಲಿಗೆದೋರರು ಎನ್ನುತ್ತೇನೆ. ಮಾರ್ಟಿನ್ ಸ್ಕಾರ್ಸೆಸೆ ಈಚೆಗೆ ಸೇರಿದವರು. 1920ರ ದಶಕದಲ್ಲಿ ಓಕ್ಲಹೋಮಾದ ಎಣ್ಣೆಬಾವಿಯ ಹಣಕ್ಕಾಗಿ ಓಸೇಜ್ ಜನರನ್ನು ಒಬ್ಬೊಬ್ಬರಾಗಿ ಕೊಂದ ಕಥೆಯನ್ನು 1959ರಲ್ಲಿ ‘ದ ಎಫ್‌ಬಿಐ ಸ್ಟೋರಿ’ ಸರ್ಕಾರಿ ಪತ್ತೇದಾರರ ಹಿರಿಮೆಯ ಒಂದು ಅಧ್ಯಾಯವಾಗಿ ಮುಗಿಸಿತ್ತು. ಸ್ಕಾರ್ಸೆಸೆ 2023ರ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ ಕೊನೆಯಲ್ಲಿ ಇಡೀ ಕಥೆಯನ್ನು ಒಂದು ರೇಡಿಯೋ ನಾಟಕವಾಗಿ ತಿರುಗಿಸಿ, ಸದ್ದು ಮಾಡುವ ತಟ್ಟೆ ಬಟ್ಟಲುಗಳನ್ನೆಲ್ಲ ತೋರಿಸಿ, ತಾವೇ ಮೈಕಿನ ಮುಂದೆ ಬಂದು ಕಥೆಯ ಓಸೇಜ್ ನಾಯಕಿ ಮಾಲಿಯ ಸಾವಿನ ಸುದ್ದಿ ಓದುತ್ತಾರೆ. ಆ ಸುದ್ದಿಯಲ್ಲಿ ಕೊಲೆಗಳ ಪ್ರಸ್ತಾಪವೇ ಇರಲಿಲ್ಲ ಎಂದೂ ಹೇಳುತ್ತಾರೆ. ಇದೂ ಒಂದು ಆಟವೇ, ಆಡಿಸಿದವನು ನಾನೇ ಎಂದು ಎಂಬತ್ತು ದಾಟಿದ ನಿರ್ದೇಶಕ ಬೆಳಕಿಗೆ ಬಂದು ನಿಲ್ಲುವುದು ನನಗೆ ಯಾವ ಅಸಲಿ ಗಡಿಯಾರಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿತು.

ಟೂಮ್‌ಸ್ಟೋನ್‌ಗೆ ನಾನು ಹೋಗಿದ್ದೇನೆ. ಫೀನಿಕ್ಸ್‌ನಲ್ಲಿರುವ ಅಣ್ಣನ ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಊರಿಗೆ ಊರೇ ಒಂದು ನಾಟಕ. ಪೇಟೆ ಬೀದಿಯಲ್ಲಿ ಉದ್ದಕೋಟಿನವರು, ಸ್ಪರ್ ಸದ್ದು ಮಾಡುತ್ತ ನಡೆಯುವವರು. ಕಾಳಗವನ್ನು ದಿನಾ ಆಡುತ್ತಾರೆ. 1881ರ ಅಕ್ಟೋಬರ್ 26ರ ಅಸಲು ಕಾಳಗ ಮೂವತ್ತು ಸೆಕೆಂಡಿನದು, ಹಾರಿದ ಗುಂಡು ಸುಮಾರು ಮೂವತ್ತು, ಸತ್ತವರು ಮೂವರು. ಅದೂ ಕೊರಾಲ್ ಒಳಗಲ್ಲ, ಅದರ ಹಿಂದೆ ಫ್ಲೈ ಎಂಬವನ ಫೋಟೊ ಸ್ಟುಡಿಯೋದ ಪಕ್ಕದ ಖಾಲಿ ಜಾಗದಲ್ಲಿ. ಪಕ್ಕದಲ್ಲೇ ಸ್ಟುಡಿಯೋ ಇದ್ದೂ ಕಾಳಗದ ಒಂದು ಫೋಟೊ ಇಲ್ಲ. ಮುಂದೆ ಸಿನಿಮಾದವರಿಗೆ ದೊರೆತ ಎಲ್ಲ ಸ್ವಾತಂತ್ರ್ಯಕ್ಕೂ ಆ ದಿನ ಸುಮ್ಮನಿದ್ದ ಆ ಕ್ಯಾಮೆರಾವೇ ಮೂಲ. ಆಟ ಮುಗಿಯಿತು. ಸತ್ತವನು ಎದ್ದು ಧೂಳು ಕೊಡವಿ, ಅಂಟಿಸಿದ ಮೀಸೆ ಒತ್ತಿಕೊಂಡು ನಮ್ಮ ಜೊತೆ ಫೋಟೊಗೆ ನಿಂತ.

“ಇದಕ್ಕಾ ಚಿಕ್ಕಪ್ಪ ಇಷ್ಟು ದೂರ ಬಂದಿದ್ದು?” ಎಂದ ಅಣ್ಣನ ಮಗ.

“ಇದು ಮುಗಿದ ಮೇಲೆ ಒಂದು ತಿಂಗಳು ಕೋರ್ಟು ವಿಚಾರಣೆ ನಡೀತು ಕಣೋ. ಅದನ್ನೂ ಆಡಿದ್ದರೆ ಚೆನ್ನಾಗಿತ್ತು” ಎಂದೆ. ಅವನು ಕಾರಿನ ಕೀಲಿ ತೆಗೆದ.

ತಮಾಷೆಗಲ್ಲ ಹೇಳಿದ್ದು. ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಮುಂದೆ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಬಂದು, ಯಾರು ಮೊದಲು ಕೈ ಎತ್ತಿದರು, ಯಾರ ಬಳಿ ಪಿಸ್ತೂಲು ಇತ್ತು, ಇರಲಿಲ್ಲ ಎಂದು ಒಬ್ಬರಿಗೊಬ್ಬರು ಉಲ್ಟಾ ಹೇಳಿದರು. ಕಣ್ಣಾರೆ ಕಂಡವರಿಗೇ ಆ ಮೂವತ್ತು ಸೆಕೆಂಡು ಒಂದೇ ಆಗಿರಲಿಲ್ಲ. ಕೊನೆಗೆ ಸ್ಪೈಸರ್ ಅರ್ಪ್ ಕಡೆಯವರನ್ನು ಬಿಟ್ಟುಬಿಟ್ಟ. ಸಿನಿಮಾಗಳು ಈ ತಿಂಗಳನ್ನು ಹಾರಿಸಿಬಿಡುತ್ತವೆ ಅಥವಾ ಅವಸರದಲ್ಲಿ ದಾಟುತ್ತವೆ. ಟೋಪಿಯ ಅಂಚು ತಪ್ಪಾದರೆ ಹಿಡಿಯುವ ನಮ್ಮ ಕುಲ ಈ ತಿಂಗಳು ಕಾಣೆಯಾದದ್ದನ್ನು ಕೇಳುವುದೇ ಇಲ್ಲ. ಬೇಸರ ಹುಟ್ಟಿಸುವುದು ಏನೇನಿತ್ತೋ ಅದೆಲ್ಲ ಆ ಪಶ್ಚಿಮದಿಂದ ಮಾಯ: ಕಾಗದಪತ್ರ, ಬಾಡಿಗೆ, ಮಳೆಯಿಲ್ಲದ ಮಧ್ಯಾಹ್ನ, ಹಲ್ಲುನೋವು.

ಹಲ್ಲುನೋವು ಎಂದರೆ ಕಾಳಗದಲ್ಲಿ ಅರ್ಪ್ ಕಡೆ ನಿಂತಿದ್ದ ಡಾಕ್ ಹಾಲಿಡೇ ನೆನಪಾಗಲೇಬೇಕು. ಫೋರ್ಡ್ ಅವನನ್ನು ಶಸ್ತ್ರವೈದ್ಯ ಮಾಡಿದ. ಕೆಮ್ಮುತ್ತ, ಕುಡಿಯುತ್ತ, ಹೆಣ್ಣೊಬ್ಬಳಿಗೆ ಆಪರೇಷನ್ ಮಾಡುತ್ತಾನೆ, ಆಮೇಲೆ ಕಾಳಗದಲ್ಲಿ ಬಿಳಿ ಕರ್ಚೀಫು ಹಿಡಿದು ಸಾಯುತ್ತಾನೆ. ನಿಜದ ಹಾಲಿಡೇ ಸತ್ತದ್ದು ಆರು ವರ್ಷದ ಮೇಲೆ, 1887ರಲ್ಲಿ, ಕೊಲರಾಡೊದಲ್ಲಿ, ಕ್ಷಯದಿಂದ. ಓದಿದ್ದು ಹಲ್ಲಿನ ವೈದ್ಯಕೀಯ. 1872ರಲ್ಲಿ ಪೆನ್ಸಿಲ್ವೇನಿಯಾದ ದಂತವೈದ್ಯ ಕಾಲೇಜಿನಿಂದ ಪದವಿ. ಬಾಯಿಯ ಹತ್ತಿರ ಬಗ್ಗಿ ಕೆಮ್ಮುವ ಡಾಕ್ಟರಿಂದ ರೋಗಿಗಳು ದೂರವಾದರು, ಇಸ್ಪೀಟು ಹತ್ತಿರವಾಯಿತು. ನಾನು ನೋಡಿದ ಹಾಲಿಡೇಗಳು ಬಹಳ. ಅವರಲ್ಲಿ ಒಬ್ಬನೂ ಒಂದು ಹಲ್ಲು ಕಿತ್ತದ್ದು ಕಾಣೆ. 1878ರಲ್ಲಿ ಡಾಜ್ ಸಿಟಿಯ ಪತ್ರಿಕೆಯಲ್ಲಿ ಅವನು ಕೊಟ್ಟ ಜಾಹೀರಾತು ಮಾತ್ರ ಉಳಿದಿದೆ: ಈ ಬೇಸಿಗೆಯಲ್ಲಿ ಹಲ್ಲಿನ ಚಿಕಿತ್ಸೆಗೆ ದೊರೆಯುತ್ತೇನೆ, ಗಿರಾಕಿಗೆ ತೃಪ್ತಿಯಾಗದಿದ್ದರೆ ಹಣ ವಾಪಸು. ಯಾರಾದರೂ ಪುಣ್ಯಾತ್ಮರು ಈ ಒಂದು ದೃಶ್ಯವನ್ನು ತೆಗೆಯಬೇಕು. ಟೋಪಿ, ಬಂದೂಕು, ಬಂಡೆ ಎಲ್ಲ ತಪ್ಪಿರಲಿ. ಊದಿದ ಕೆನ್ನೆಗೆ ಕೈ ಹಚ್ಚಿಕೊಂಡ ದನಗಾಹಿಯೊಬ್ಬ ಕೋಣೆಯ ಬಾಗಿಲು ತಟ್ಟಿ ಒಳಗೆ ಬರುತ್ತಾನೆ. ಡಾಕ್ಟರ ಸೊಂಟದ ಪಿಸ್ತೂಲನ್ನೊಮ್ಮೆ ನೋಡಿ, ಹಲ್ಲು ಇನ್ನೂ ನೋಯ್ತಾ ಇದೆ, ದುಡ್ಡು ವಾಪಸು ಕೊಡಿ ಎನ್ನುತ್ತಾನೆ.